ಪಂಚ್ ಆಯ್ತಾ?

ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ಬೆಳಗ್ಗೆ ಒಬ್ಬರಿಗೊಬ್ಬರು ಕೇಳುವ ಮೊದಲ ಮಾತು ‘ಪಂಚ್ ಆಯ್ತಾ?’ ತಿಂಡಿ ಆಯ್ತಾ ಅಂತ ವಿಚಾರಿಸುವುದು ಅದಾದ ಮೇಲೆ. ಬಸ್ಸಿಳಿದು ಓಡಿ ಬಂದವರು ಬ್ಯಾಗ್ ಹೆಗಲಲ್ಲಿರುವಾಗಲೇ ಸಾಲಿಗೆ ನಿಲ್ಲುತ್ತಾರೆ. ಗೋಡೆಯ ಮೇಲಿನ ಹಾಜರಿ ಯಂತ್ರಕ್ಕೆ, ಆ ಸಣ್ಣ ಕಪ್ಪು ಡಬ್ಬಿಗೆ, ಬೆರಳು ಕೊಡುತ್ತಾರೆ. ಹಾಗೆ ಹಾಜರಿ ಒತ್ತುವುದೇ ಪಂಚ್. ಅದು ಹೆಣ್ಣುದನಿಯಲ್ಲಿ ‘ಥ್ಯಾಂಕ್ ಯೂ’ ಅಂದರೆ ಆ ದಿನ ಶುರುವಾಯಿತು. ‘ಪ್ಲೀಸ್ ಟ್ರೈ ಅಗೇನ್’ ಅಂದರೆ ಬೆರಳನ್ನು ತಲೆಗೂದಲಿಗೆ ಉಜ್ಜಿ, ಸೆರಗಿಗೆ ಒರೆಸಿ, ಮತ್ತೆ ಇಡಬೇಕು. ಹಿಂದೆ ನಿಂತವರು ಗೋಡೆ ಗಡಿಯಾರ ನೋಡುತ್ತಾ ‘ಬೇಗ ಅಕ್ಕಾ, ಬೇಗ’ ಅನ್ನುತ್ತಿರುತ್ತಾರೆ. ಇನ್ನೊಂದು ನಿಮಿಷ ಕಳೆದರೆ ಅವರಿಗೂ ಲೇಟ್.

ನಾನು ಅಲ್ಲಿ ಸಂಬಳದ ಲೆಕ್ಕ ನೋಡುವವನು. ಹಾಗಾಗಿ ಪಂಚ್ ಅನ್ನೋ ಪದ ನನ್ನ ಮೇಜಿನ ಮೇಲೆ ದಿನವಿಡೀ ಓಡಾಡುತ್ತದೆ. ಇನ್ ಪಂಚ್, ಔಟ್ ಪಂಚ್, ಲೇಟ್ ಪಂಚ್, ಡಬಲ್ ಪಂಚ್. ಇವುಗಳಲ್ಲಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ‘ಮಿಸ್ ಪಂಚ್’. ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಬೆಳಗ್ಗೆ ಬಂದಿದ್ದಾರೆ, ಇಡೀ ದಿನ ಮಷೀನ್ ಮುಂದೆ ನಿಂತಿದ್ದಾರೆ, ಸೂಪರ್‌ವೈಸರ್ ಕಣ್ಣೆದುರೇ ಕೆಲಸ ಮುಗಿಸಿದ್ದಾರೆ. ಸಂಜೆ ಡಬ್ಬಿ ಬೆರಳನ್ನು ಹಿಡಿಯಲಿಲ್ಲ. ಮಾರನೇ ದಿನ ನನ್ನ ಪರದೆಯ ಮೇಲೆ ಆ ದಿನಕ್ಕೆ ಕೆಂಪು ಬಣ್ಣ. ಆಮೇಲೆ ಅವರು ‘ಮಿಸ್ ಪಂಚ್ ಫಾರಂ’ ತುಂಬಬೇಕು, ಸೂಪರ್‌ವೈಸರ್ ಸಹಿ ಹಾಕಿಸಬೇಕು, ನನ್ನ ಹತ್ತಿರ ಬಂದು ನಿಲ್ಲಬೇಕು. ತಪ್ಪು ಡಬ್ಬಿಯದ್ದು. ಕಾರಣ ಬರೆದುಕೊಡಬೇಕಾದವರು ಮಾತ್ರ ಬೆರಳಿನ ಒಡೆಯರು. ಫಾರಂನಲ್ಲಿ ‘ಕಾರಣ’ ಅನ್ನೋ ಜಾಗದಲ್ಲಿ ಎಷ್ಟೋ ಜನ ‘ಮರೆತೆ, ಕ್ಷಮಿಸಿ’ ಅಂತ ಬರೆದಿರುತ್ತಾರೆ. ಮರೆತಿರುವುದಿಲ್ಲ. ಹಾಗೆ ಬರೆದರೆ ಬೇಗ ಪಾಸಾಗುತ್ತದೆ, ಅಷ್ಟೇ.

ಈ ಮಾತು ಎಲ್ಲಿಂದ ಬಂತು, ಅದರ ಹಿಂದಿನ ಯಂತ್ರ ಎಂಥದ್ದು ಅಂತ ಹುಡುಕಿಕೊಂಡು ಹೋಗಿದ್ದು ಇದಕ್ಕೇ. ಹುಡುಕುತ್ತಾ ಹೋದಂತೆ ನನಗೆ ಮುಖ್ಯವಾಗಿ ಕಂಡಿದ್ದು ಒಂದೇ ಪ್ರಶ್ನೆ. ಗಂಟೆಯ ಲೆಕ್ಕ ಯಾರ ಕೈಯಲ್ಲಿರುತ್ತದೆ?

ಆಯುಧ ಪೂಜೆಯ ದಿನ

ನಮ್ಮಪ್ಪ ಬೆಂಗಳೂರಿನ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಆ ಕಾಲದ ಬೆಂಗಳೂರನ್ನು ಬಲ್ಲವರಿಗೆ ಆ ಲೋಕ ಗೊತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಕಾಲೋನಿ, ಕಾರ್ಖಾನೆಯ ಬಸ್ಸು, ಸೈರನ್. ಸೈರನ್ ಕೇಳಿ ಅಮ್ಮ ಕುಕ್ಕರ್ ಇಡುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಮಾತ್ರೆ ತಗೊಳ್ಳುತ್ತಿದ್ದರು. ಒಳಗೆ ಏನು ನಡೆಯುತ್ತದೆ ಅಂತ ಮಾತ್ರ ಮಕ್ಕಳಿಗೆ ಗೊತ್ತಿರಲಿಲ್ಲ. ವರ್ಷಕ್ಕೊಂದು ದಿನ, ಆಯುಧ ಪೂಜೆಗೆ, ಮನೆಯವರನ್ನೂ ಒಳಗೆ ಬಿಡುತ್ತಿದ್ದರು. ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆವು. ಲೇತ್‌ಗಳಿಗೆ ಬಾಳೆಕಂದು, ಡ್ರಿಲ್ಲಿಂಗ್ ಮಷೀನಿಗೆ ಚೆಂಡುಹೂವಿನ ಹಾರ, ನೆಲದ ಮೇಲೆ ಒಡೆದ ಬೂದುಗುಂಬಳ. ಕಡಲೆಪುರಿ, ಸಿಹಿ ಬೂಂದಿಯ ಪೊಟ್ಟಣ.

ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ದೊಡ್ಡ ಯಂತ್ರಗಳಲ್ಲ. ಟೈಮ್ ಆಫೀಸ್ ಪಕ್ಕದ ಗೋಡೆಯಲ್ಲಿದ್ದ ಗಡಿಯಾರ. ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮೇಲೆ ಬಿಳಿ ಮುಖ, ಕೆಳಗೆ ಬಾಯಿಯಂತೆ ಒಂದು ಸೀಳು. ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಹೂ ಮುಡಿಸಿದ್ದರು. ಅದರ ಎರಡೂ ಕಡೆ ಗೋಡೆ ತುಂಬ ಮರದ ಗೂಡುಗಳು. ಎಡಗಡೆ ‘ಔಟ್’, ಬಲಗಡೆ ‘ಇನ್’. ಒಂದೊಂದು ಗೂಡಿಗೂ ಒಂದೊಂದು ನಂಬರ್. ಅಪ್ಪ ತಮ್ಮ ನಂಬರಿನ ಗೂಡಿನಿಂದ ಉದ್ದನೆಯ ದಪ್ಪ ಕಾಗದದ ಕಾರ್ಡ್ ತೆಗೆದು ನನಗೆ ತೋರಿಸಿದರು. ಸಾಲಾಗಿ ತಾರೀಕು. ಪ್ರತಿ ತಾರೀಕಿನ ಮುಂದೆ ಬಂದ ಹೊತ್ತು, ಹೋದ ಹೊತ್ತು, ನೇರಳೆ ಮಸಿಯಲ್ಲಿ ಒತ್ತಿದ ಪುಟ್ಟ ಪುಟ್ಟ ಅಂಕಿ.

‘ಲೇಟಾದ್ರೆ ಇಲ್ಲಿ ಕೆಂಪು ಬೀಳುತ್ತೆ, ಮಗಾ. ಈ ತಿಂಗಳು ನಂದು ಒಂದೂ ಕೆಂಪಿಲ್ಲ ನೋಡು’ ಅಂದರು ಅಪ್ಪ. ಕಾರ್ಡಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದರು. ಗೆಳೆಯರೊಬ್ಬರು ಪಕ್ಕದಲ್ಲೇ ನಿಂತಿದ್ದರು. ‘ನಂದು ಎರಡು ಕೆಂಪಿದೆ ಕಣಪ್ಪಾ, ಮಳೆ ಬಂತಲ್ಲ ಆ ವಾರ’ ಅಂದರು. ಮಳೆಯ ದಿನ ಕಂಪನಿ ಬಸ್ಸೇ ತಡವಾಗಿತ್ತಂತೆ. ಟೈಮ್ ಆಫೀಸಿನವರ ಹತ್ತಿರ ಕಾರ್ಡ್ ಹಿಡಿದುಕೊಂಡು ಹೋಗಿ, ಇದು ಬಸ್ಸಿನ ತಪ್ಪು ಅಂತ ಪಕ್ಕದಲ್ಲೇ ಬರೆಸಿ, ಸಹಿ ಹಾಕಿಸಿಕೊಂಡು ಬಂದಿದ್ದರು. ಆ ಬರಹವೂ ಕಾರ್ಡಿನ ಮೇಲಿತ್ತು.

ಹುಡುಗನಾಗಿದ್ದ ನನಗೆ ಆ ಮಸಿಯ ಅಂಕಿಗಳೇ ದೊಡ್ಡ ಸೋಜಿಗ. ಈಗ ಸಂಬಳದ ಮೇಜಿನಲ್ಲಿ ಕೂತು ನೆನಪಿಸಿಕೊಂಡಾಗ ಬೇರೆಯದೇ ಕಾಣುತ್ತದೆ. ಅಪ್ಪ ತಮ್ಮ ಲೆಕ್ಕವನ್ನು ತಾವೇ ಓದುತ್ತಿದ್ದರು. ದಿನಕ್ಕೆ ಎರಡು ಸಲವಾದರೂ ಅದು ಅವರ ಕೈಗೆ ಬರುತ್ತಿತ್ತು. ತಕರಾರಿದ್ದರೆ ಅದರ ಮೇಲೆಯೇ ಬರೆಸಬಹುದಿತ್ತು. ತಿಂಗಳ ಕೊನೆಯಲ್ಲಿ ಸಂಬಳ ಎಷ್ಟು ಬರುತ್ತದೆ ಅಂತ ಲೆಕ್ಕದ ಗುಮಾಸ್ತನಿಗಿಂತ ಮುಂಚೆ ಅವರಿಗೇ ಗೊತ್ತಿರುತ್ತಿತ್ತು.

ಕೀಲಿ, ತೋಳು, ಕಾರ್ಡು

ಆ ಪೆಟ್ಟಿಗೆಯ ಕಥೆ ಶುರುವಾಗುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಆಬರ್ನ್ ಅನ್ನೋ ಊರಿನಲ್ಲಿ ವಿಲ್ಲರ್ಡ್ ಬಂಡಿ ಅನ್ನುವವರು ಆಭರಣದ ವ್ಯಾಪಾರಿಯಾಗಿದ್ದರು. 1888ರಲ್ಲಿ ಕೆಲಸಗಾರರ ಹೊತ್ತನ್ನು ಬರೆದಿಡುವ ಗಡಿಯಾರವೊಂದನ್ನು ಅವರು ಮಾಡಿದರು. 1890ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಷ್ಟರೊಳಗೆ, 1889ರಲ್ಲೇ, ಅವರೂ ತಮ್ಮ ಹಾರ್ಲೋ ಬಂಡಿಯೂ ಸೇರಿ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಕಂಪನಿ ತೆರೆದಿದ್ದರು. ಆ ಗಡಿಯಾರಕ್ಕೆ ಕಾರ್ಡ್ ಇರಲಿಲ್ಲ. ಪ್ರತಿ ಕೆಲಸಗಾರನಿಗೂ ಒಂದು ಕೀಲಿ, ಕೀಲಿಯ ಮೇಲೆ ಅವನ ನಂಬರು. ಬಂದಾಗ ಕೀಲಿಯನ್ನು ತೂತಿಗೆ ಹಾಕಿ ತಿರುಗಿಸಿದರೆ ಪೆಟ್ಟಿಗೆಯೊಳಗಿನ ಕಾಗದದ ಪಟ್ಟಿಯ ಮೇಲೆ ಅವನ ನಂಬರೂ ಆ ಹೊತ್ತೂ ಅಚ್ಚಾಗುತ್ತಿದ್ದವು. ಪಟ್ಟಿ ಇರುವುದು ಒಳಗೆ. ಪೆಟ್ಟಿಗೆಯನ್ನು ತೆಗೆದು ಅದನ್ನು ಓದುವವರು ಆಫೀಸಿನವರು.

ಬಂಡಿಯವರ ಹೆಸರು ಇಂಗ್ಲಿಷಿನ ಕೆಲವು ಮೂಲೆಗಳಲ್ಲಿ ಇನ್ನೂ ಉಳಿದಿದೆ. ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಹಾಜರಾಗುವುದನ್ನು ‘ಬಂಡಿ ಆನ್’, ಬಿಟ್ಟು ಹೊರಡುವುದನ್ನು ‘ಬಂಡಿ ಆಫ್’ ಅನ್ನುವ ರೂಢಿ ಇದೆ. ಫಿಲಿಪ್ಪೀನ್ಸ್‌ನಲ್ಲಿ ಹಾಜರಿ ಯಂತ್ರ ಯಾವ ಕಂಪನಿಯದಾದರೂ ಅದು ‘ಬಂಡಿ ಕ್ಲಾಕ್’. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸ್ಸುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆಯೇ ಅಂತ ನೋಡಲು ರಸ್ತೆ ಬದಿಯಲ್ಲೇ ಬಂಡಿ ಗಡಿಯಾರದ ಕಂಬ ನೆಟ್ಟಿದ್ದರು. ಬಸ್ಸಿನವರು ಇಳಿದು ಕೀಲಿ ತಿರುಗಿಸಿ ಮುಂದೆ ಹೋಗಬೇಕಿತ್ತು.

ಅದೇ ಕಾಲದಲ್ಲಿ ಅಲೆಕ್ಸಾಂಡರ್ ಡೇ ಅನ್ನುವವರು ಇನ್ನೊಂದು ಬಗೆಯದನ್ನು ಮಾಡಿದರು. ದೊಡ್ಡ ಚಕ್ರ, ಅದರ ಅಂಚಿನ ಸುತ್ತ ನಂಬರು ಹಾಕಿದ ತೂತುಗಳು, ನಡುವೆ ತಿರುಗುವ ತೋಳು. ತೋಳನ್ನು ತನ್ನ ನಂಬರಿಗೆ ತಂದು ಅದರ ತುದಿಯ ಕಡ್ಡಿಯನ್ನು ತೂತಿಗೆ ಗುದ್ದಬೇಕು. ಒಳಗಿನ ಹಾಳೆಯ ಮೇಲೆ ಹೊತ್ತು ಬೀಳುತ್ತದೆ. ಇಲ್ಲೂ ಹಾಳೆ ಒಳಗೇ.

ಕಾರ್ಡ್ ಬಂದಿದ್ದು 1894ರಲ್ಲಿ. ರೋಚೆಸ್ಟರ್ ಊರಿನ ಡೇನಿಯಲ್ ಕೂಪರ್ ಅದಕ್ಕೆ ಪೇಟೆಂಟ್ ಪಡೆದರು. ಪ್ರತಿಯೊಬ್ಬರಿಗೂ ಒಂದು ಕಾರ್ಡು. ಸೀಳಿಗೆ ಇಳಿಸಿ ಹಿಡಿಕೆ ಒತ್ತಿದರೆ ಸರಿಯಾದ ದಿನದ ಸಾಲಿನಲ್ಲಿ ಹೊತ್ತು ಅಚ್ಚಾಗುತ್ತದೆ. ಕೂಪರ್ ಇದನ್ನು ಮಾಡಿದ್ದು ಕೆಲಸಗಾರರ ಮೇಲಿನ ಪ್ರೀತಿಯಿಂದ ಅಂತ ನಾನು ಹೇಳುತ್ತಿಲ್ಲ. ಒಬ್ಬನ ವಾರದ ಲೆಕ್ಕ ಒಂದೇ ಹಾಳೆಯಲ್ಲಿ ಸಿಗುತ್ತದೆ. ಉದ್ದನೆಯ ಪಟ್ಟಿಯಲ್ಲಿ ಹುಡುಕಿ ಹುಡುಕಿ ಬರೆದುಕೊಳ್ಳುವ ಕೆಲಸ ಗುಮಾಸ್ತನಿಗೆ ತಪ್ಪುತ್ತದೆ. ಆಫೀಸಿಗೆ ಅದು ದೊಡ್ಡ ಅನುಕೂಲ. ಆದರೆ ಅದರ ಜೊತೆಗೇ ಇನ್ನೊಂದೂ ಆಯಿತು. ಪೆಟ್ಟಿಗೆಯೊಳಗಿದ್ದ ಲೆಕ್ಕ ಹೊರಗೆ ಬಂತು. ಕೆಲಸಗಾರನ ಕೈಗೆ ಬಂತು. ನಮ್ಮಪ್ಪ ಬೆರಳಿಟ್ಟು ಓದಿದ್ದು ಆ ಬದಲಾವಣೆಯಿಂದ.

ಈ ಬೇರೆ ಬೇರೆ ಕಂಪನಿಗಳೆಲ್ಲ ಮುಂದೆ ಒಂದಾಗುತ್ತಾ ಬಂದವು. 1900ರಲ್ಲಿ ಇಂಟರ್‌ನ್ಯಾಷನಲ್ ಟೈಮ್ ರೆಕಾರ್ಡಿಂಗ್ ಅನ್ನೋ ಕಂಪನಿ ಹುಟ್ಟಿತು. 1911ರಲ್ಲಿ ಅದು ತಕ್ಕಡಿ ಮಾಡುವ ಕಂಪನಿ ಮತ್ತು ಜನಗಣತಿಯ ತೂತಿನ ಕಾರ್ಡಿನ ಯಂತ್ರ ಮಾಡುತ್ತಿದ್ದ ಹೊಲೆರಿತ್ ಅವರ ಕಂಪನಿಯ ಜೊತೆ ಸೇರಿತು. ಆ ಕೂಟಕ್ಕೆ 1924ರಲ್ಲಿ ಇಟ್ಟ ಹೆಸರು ಐಬಿಎಂ. ಕಂಪ್ಯೂಟರಿಗೆ ಹೆಸರಾದ ಐಬಿಎಂ ದಶಕಗಳ ಕಾಲ ಗೇಟಿನ ಗಡಿಯಾರವನ್ನೂ ಮಾರುತ್ತಿತ್ತು. ಆ ವ್ಯಾಪಾರವನ್ನು ಅದು ಬೇರೆಯವರಿಗೆ ಮಾರಿದ್ದು 1958ರಲ್ಲಿ.

ತೂತಿನ ಕಾರ್ಡೂ ಹಾಜರಿ ಕಾರ್ಡೂ ಒಂದೇ ಮನೆಯಲ್ಲಿ ಬೆಳೆದಿದ್ದರಿಂದ ಪಂಚ್ ಅಂದರೆ ಕಾರ್ಡಿಗೆ ತೂತು ಹೊಡೆಯುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಕೂಪರ್ ತಂದ ಬಗೆಯ ಗಡಿಯಾರ ತೂತು ಹೊಡೆಯುತ್ತಿರಲಿಲ್ಲ. ಮಸಿಯಲ್ಲಿ ಅಚ್ಚೊತ್ತುತ್ತಿತ್ತು. ನಮ್ಮ ಶಾಪ್ ಫ್ಲೋರಿನವರಿಗೆ ಇದನ್ನು ಹೇಳಿದಾಗ ಅವರಿಗೆ ಒಂಚೂರೂ ವಿಚಿತ್ರ ಅನ್ನಿಸಲಿಲ್ಲ. ಫಿಟ್ಟರ್‌ಗಳ ಟೂಲ್ ಬಾಕ್ಸಿನಲ್ಲಿ ‘ನಂಬರ್ ಪಂಚ್’ ಇದ್ದೇ ಇರುತ್ತದಲ್ವಾ? ತುದಿಯಲ್ಲಿ ಅಂಕಿ ಕೆತ್ತಿದ ಉಕ್ಕಿನ ತುಂಡು. ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹೊಡೆದರೆ ಅಂಕಿ ಮೂಡುತ್ತದೆ. ‘ಅದೂ ಪಂಚೇ, ಇದೂ ಪಂಚೇ ಸಾರ್’ ಅಂದರು ನಮ್ಮ ಹಿರಿಯ ಫಿಟ್ಟರ್. ಹಿಡಿಕೆಗೆ ಕೈಯಿಂದ ಒಂದು ಗುದ್ದು ಕೊಟ್ಟಾಗ ಒಳಗಿನ ಅಂಕಿ ಕಾರ್ಡಿಗೆ ಬಡಿಯುವ ಆ ‘ಟಕ್’ ಸದ್ದು ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ನಮ್ಮಲ್ಲಿ ಎಲ್ಲರೂ ಪಂಚ್ ಅನ್ನುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಲೆಕ್ಕ ನೋಡುವ ರೈಟರ್ ಬರೆಯುವುದು ಚೆಕ್‌ರೋಲ್. ರಸ್ತೆ ಕೆಲಸ, ಕೆರೆ ಕೆಲಸದಲ್ಲಿ ಮಸ್ಟರ್ ರೋಲ್. ಬೆಂಗಳೂರಿನ ಪೌರಕಾರ್ಮಿಕರು ಬೆಳಗಾಗುತ್ತಲೇ ಹೋಗಿ ಸೇರುವ ಜಾಗಕ್ಕೆ ಮಸ್ಟರಿಂಗ್ ಸೆಂಟರ್ ಅಂತಲೇ ಹೆಸರು. ಸರ್ಕಾರಿ ಆಫೀಸಿನಲ್ಲಿ ಹಾಜರಿ ಪುಸ್ತಕ. ಇವೆಲ್ಲ ಕೈಯಲ್ಲಿ ಬರೆಯುವ ಪುಸ್ತಕಗಳ ಹೆಸರು. ಒಬ್ಬರು ಕರೆಯುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ. ಯಂತ್ರ ಇರುವ ಕಡೆ ಮಾತ್ರ ಪಂಚ್.

ಗಡಿಯಾರ ಇಟ್ಟುಕೊಂಡವನೇ ಧಣಿ

ಯಂತ್ರ ಬರುವ ಮುಂಚೆ ಕೆಲಸಗಾರರ ಪಾಡು ಚೆನ್ನಾಗಿತ್ತು ಅಂತ ಯಾರೂ ತಿಳಿಯಬಾರದು. ಸ್ಕಾಟ್ಲೆಂಡಿನ ಡಂಡಿ ಊರಿನ ಗಿರಣಿಯಲ್ಲಿ ಹುಡುಗನಾಗಿದ್ದಾಗ ದುಡಿದವರೊಬ್ಬರು 19ನೇ ಶತಮಾನದ ನಡುವಿನಲ್ಲಿ ಬರೆದಿಟ್ಟ ನೆನಪುಗಳಿವೆ. ಅಲ್ಲಿ ಮಾಲೀಕರು ಬೆಳಗ್ಗೆ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಿದ್ದರು, ಸಂಜೆ ಹಿಂದಕ್ಕೆ ತಿರುಗಿಸುತ್ತಿದ್ದರು. ಇದು ಎಲ್ಲ ಕೆಲಸಗಾರರಿಗೂ ಗೊತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಜೇಬಿನಲ್ಲಿ ಸ್ವಂತ ಗಡಿಯಾರ ಇಟ್ಟುಕೊಳ್ಳುವುದಕ್ಕೂ ಹೆದರುತ್ತಿದ್ದರು, ಹೊತ್ತಿನ ವಿಷಯ ಜಾಸ್ತಿ ತಿಳಿದವನನ್ನು ಕೆಲಸದಿಂದ ತೆಗೆದುಹಾಕುವುದು ಮಾಮೂಲಾಗಿತ್ತು. ಇದನ್ನು ಓದಿದ ಮೇಲೆ, ಮಾಲೀಕರ ಬಾಯಿಮಾತಿಗಿಂತ ಅಚ್ಚೊತ್ತುವ ಗಡಿಯಾರ ಎಷ್ಟೋ ಮೇಲು ಅಂತ ನನಗನ್ನಿಸಿತು. ಅಚ್ಚಾದ ಹೊತ್ತನ್ನು ಆಮೇಲೆ ‘ನಾನು ಹಾಗಂದಿರಲಿಲ್ಲ’ ಅನ್ನುವುದಕ್ಕಾಗುವುದಿಲ್ಲ.

ಆದರೆ ಅಚ್ಚಾದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲಿ ತೀರ್ಪು ಕೊಟ್ಟ ಒಂದು ಕೇಸನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮಿಷಿಗನ್ ರಾಜ್ಯದ ಮೌಂಟ್ ಕ್ಲೆಮೆನ್ಸ್ ಊರಿನಲ್ಲಿ ಪಿಂಗಾಣಿ ಪಾತ್ರೆಗಳ ಕಾರ್ಖಾನೆಯೊಂದಿತ್ತು. ಗೇಟಿನ ಹತ್ತಿರ ಪಂಚ್ ಗಡಿಯಾರಗಳು. ಅಲ್ಲಿ ಪಂಚ್ ಮಾಡಿದ ನಿಮಿಷದಿಂದ ಸಂಬಳ ಕೊಡುತ್ತಿರಲಿಲ್ಲ. ಪಂಚ್ ಆದ ಮೇಲೆ ಬರುವ ಮುಂದಿನ ಕಾಲು ಗಂಟೆಯಿಂದ ಲೆಕ್ಕ. ಹೊರಡುವಾಗ ಪಂಚ್‌ಗಿಂತ ಹಿಂದಿನ ಕಾಲು ಗಂಟೆಗೆ ಲೆಕ್ಕ ನಿಲ್ಲುತ್ತಿತ್ತು. 6.46ಕ್ಕೆ ಪಂಚ್ ಮಾಡಿದವನ ಕೆಲಸ ಶುರುವಾಗುವುದು 7ಕ್ಕೆ. ಮಧ್ಯಾಹ್ನ 12.14ಕ್ಕೆ ಹೊರಗೆ ಬಂದರೆ ಲೆಕ್ಕ 12ಕ್ಕೆ ಮುಗಿದಿರುತ್ತದೆ. 12.46ಕ್ಕೆ ಮತ್ತೆ ಒಳಗೆ ಹೋದರೆ ಲೆಕ್ಕ 1ಕ್ಕೆ ಶುರು. ಸಂಜೆ 4.14ಕ್ಕೆ ಹೊರಬಂದರೆ 4ಕ್ಕೇ ಮುಗಿಯಿತು. ನಾಲ್ಕು ಹದಿನಾಲ್ಕಲಿ 56. ಕಾರ್ಡಿನಲ್ಲಿ ಇದ್ದರೂ ಸಂಬಳಕ್ಕೆ ಬಾರದೆ ಹೋಗಬಹುದಾದ ಹೊತ್ತು ದಿನಕ್ಕೆ 56 ನಿಮಿಷ. ಆ ಹೊತ್ತಿನಲ್ಲಿ ಕೆಲಸಗಾರರು ಸುಮ್ನೆ ನಿಂತಿರುತ್ತಿರಲಿಲ್ಲ. ವಿಶಾಲವಾದ ಕಾರ್ಖಾನೆಯೊಳಗೆ ನಡೆದು ತಮ್ಮ ಜಾಗಕ್ಕೆ ಹೋಗುತ್ತಿದ್ದರು, ಏಪ್ರನ್ ಕಟ್ಟಿಕೊಳ್ಳುತ್ತಿದ್ದರು, ಲೈಟ್ ಹಾಕುತ್ತಿದ್ದರು, ಸಾಮಾನು ಜೋಡಿಸಿಕೊಳ್ಳುತ್ತಿದ್ದರು.

ಪಂಚ್ ಮಾಡಿದ ಮೇಲೆ ಮಾಲೀಕರ ಜಾಗದಲ್ಲಿ ನಡೆಯುವುದೂ ಕೆಲಸಕ್ಕೆ ತಯಾರಾಗುವುದೂ ಕೆಲಸವೇ ಅಂತ ಕೋರ್ಟ್ ಹೇಳಿತು. ನಡಿಗೆಯ ಮಾತು ಬಹಳ ದಿನ ಉಳಿಯಲಿಲ್ಲ. ದೇಶದ ಉದ್ದಗಲಕ್ಕೂ ಕೇಸುಗಳು ಬಿದ್ದವು, ಮರುವರ್ಷವೇ ಅಲ್ಲಿನ ಸಂಸತ್ತು ಅದನ್ನು ತಡೆಯುವ ಕಾನೂನು ತಂದಿತು. ಉಳಿದದ್ದು ಅದೇ ತೀರ್ಪಿನ ಇನ್ನೊಂದು ಮಾತು. ಹೊತ್ತಿನ ಲೆಕ್ಕವನ್ನು ಸರಿಯಾಗಿ ಇಡಬೇಕಾದ ಹೊಣೆ ಮಾಲೀಕರದ್ದು. ಅವರು ಇಟ್ಟಿಲ್ಲ, ಇಟ್ಟ ಲೆಕ್ಕ ನಂಬುವಂತಿಲ್ಲ ಅಂತಾದರೆ, ಅದರ ಪೆಟ್ಟು ಕೆಲಸಗಾರನಿಗೆ ಬೀಳಬಾರದು. ಅವನು ತನ್ನ ಕೈಲಾದ ಮಟ್ಟಿಗೆ, ಅಂದಾಜಿನಲ್ಲಾದರೂ ಸರಿ, ಇಷ್ಟು ದುಡಿದೆ ಅಂತ ತೋರಿಸಿದರೆ ಸಾಕು. ಅದು ಸುಳ್ಳು ಅಂತ ತೋರಿಸುವ ಕೆಲಸ ಆಮೇಲೆ ಮಾಲೀಕರದ್ದು. ಮಿಸ್ ಪಂಚ್ ಫಾರಂಗಳನ್ನು ಕಟ್ಟುಕಟ್ಟಾಗಿ ನೋಡುವ ನನಗೆ ಈ ಮಾತು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ನಮ್ಮ ಗೇಟಿನಲ್ಲಿ ನಡೆಯುವುದು ಇದರ ತಿರುಗುಮುರುಗು.

ನಮ್ಮ ಕಾನೂನಿನಲ್ಲೂ ಒಳ್ಳೆಯ ಮಾತುಗಳಿವೆ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಕೂಲಿ ಕೊಡಬೇಕು ಅಂದಿತು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇನ್ನೊಂದಿತ್ತು, ಅದನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಗೈರುಹಾಜರಿಗೆ ಸಂಬಳ ಹಿಡಿಯುವುದಾದರೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೆ ಮಾತ್ರ ಹಿಡಿಯಬೇಕು. ಈಗ ‘ಮೂರು ಲೇಟಿಗೆ ಅರ್ಧ ದಿನ’ ಅನ್ನೋ ಎಷ್ಟೋ ಕಡೆಯ ರೂಢಿಯನ್ನು ಇದರ ಪಕ್ಕ ಇಟ್ಟು ನೋಡಿ. ಹತ್ತತ್ತು ನಿಮಿಷದಂತೆ ಮೂರು ಸಲ ತಡವಾದರೆ ಅರ್ಧ ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಅರ್ಧ ದಿನ ಅಂದರೆ ನಾಲ್ಕು ಗಂಟೆ. ಎಂಟು ಪಟ್ಟು. ‘ಸಂಬಳದಲ್ಲಿ ಹಿಡಿಯಲ್ಲ, ರಜೆಯಲ್ಲಿ ಕಳೀತೀವಿ’ ಅಂತ ಕಂಪನಿಗಳು ಹೇಳುತ್ತವೆ. ರಜೆ ಮುಗಿದವರಿಗೆ ಅದು ಸಂಬಳವೇ ಅಲ್ವಾ?

ಬೆರಳು

ಕಾರ್ಡ್ ಹೋಗಿ ಬೆರಳು ಬರುವುದಕ್ಕೆ ಕಾರಣವೂ ಇತ್ತು. ಒಬ್ಬನ ಕಾರ್ಡನ್ನು ಇನ್ನೊಬ್ಬ ಹೊಡೆಯುತ್ತಿದ್ದ. ಗೆಳೆತನಕ್ಕೋ, ಟೀ ಕೊಡಿಸುತ್ತಾನೆ ಅಂತಲೋ. ಪ್ರಾಮಾಣಿಕವಾಗಿ ಬರುವವರಿಗೆ ಅದರಿಂದ ಅನ್ಯಾಯವಾಗುತ್ತಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಬೆರಳನ್ನು ಇನ್ನೊಬ್ಬರ ಕೈಲಿ ಕೊಟ್ಟು ಕಳಿಸಲಾಗುವುದಿಲ್ಲ.

ಕೆಲಸಗಾರರ ಬೆರಳಚ್ಚಿನ ವಿಷಯ ಕರ್ನಾಟಕಕ್ಕೆ ಹೊಸದಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ನೋಂದಣಿಗೆ ಬೆರಳಚ್ಚು ತೆಗೆಯಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಇವತ್ತು ನಮ್ಮ ಗೇಟಿನಲ್ಲಿ ಬೆರಳು ಕೊಡಲ್ಲ ಅಂತ ಯಾರೂ ಮುಷ್ಕರ ಹೂಡುವುದಿಲ್ಲ. ಹಳ್ಳಿಯಲ್ಲೂ ಅದೇ ದಾರಿ. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಕೂಲಿಗಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುಗಳು ದಿನಕ್ಕೆ ಎರಡು ಸಲ ಫೋಟೊ ಹೊಡೆದು ಏರಿಸಬೇಕು ಅಂತಾಯಿತು. ನೆಟ್‌ವರ್ಕ್ ಸಿಗದ ಗುಡ್ಡದ ಬದಿಯಲ್ಲಿ ಅಗೆದ ಗುಂಡಿ ಕಣ್ಣಿಗೆ ಕಾಣುತ್ತಿರುತ್ತದೆ, ಫೋಟೊ ಮಾತ್ರ ಏರಿರುವುದಿಲ್ಲ. ಕೂಲಿ ನಿಲ್ಲುತ್ತದೆ.

ನನ್ನ ದೂರು ಬೆರಳಿನ ಮೇಲಲ್ಲ. ಬಂಡಿಯವರ ಪೆಟ್ಟಿಗೆ ವಾಪಸು ಬಂದಿದೆ, ಅದೇ ನನಗೆ ಸಂಕಟ. ಕಾಗದದ ಪಟ್ಟಿ ಮತ್ತೆ ಒಳಗೆ ಹೋಗಿದೆ. ‘ಥ್ಯಾಂಕ್ ಯೂ’ ಅನ್ನುತ್ತದೆ, ಎಷ್ಟು ಹೊತ್ತಿಗೆ ಅಂತ ಒಂದು ಕ್ಷಣ ತೋರಿಸಿ ಅಳಿಸಿಬಿಡುತ್ತದೆ. ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ದುಡಿದವರಿಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ.

ಕ್ಯಾಲೆಂಡರ್

ಪ್ಯಾಕಿಂಗ್ ವಿಭಾಗದ ಅಕ್ಕ ಒಬ್ಬರು ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದರು. ರಟ್ಟಿನ ಪೆಟ್ಟಿಗೆ ಮಡಚಿ ಮಡಚಿ ಅವರ ಬೆರಳ ತುದಿ ಸವೆದು ನುಣ್ಣಗಾಗಿದೆ. ಡಬ್ಬಿ ಅವರನ್ನು ಹಿಡಿಯುವುದೇ ಅಪರೂಪ. ಆ ತಿಂಗಳು ಆರ್ಡರ್ ಜಾಸ್ತಿ ಇದ್ದು ಸಂಜೆ ಹೊತ್ತು ಓಟಿ, ಅಂದರೆ ಓವರ್‌ಟೈಮ್, ನಡೆದಿತ್ತು. ಸಂಬಳದ ಚೀಟಿಯಲ್ಲಿ ಅವರ ಓಟಿ ಅರ್ಧಕ್ಕರ್ಧ ಇರಲಿಲ್ಲ.

‘ಸಾರ್, ಒಂದ್ನಿಮಿಷ ನೋಡ್ತೀರಾ?’ ಅಂತ ಬ್ಯಾಗಿನಿಂದ ಸುತ್ತಿಟ್ಟಿದ್ದ ಹಾಳೆ ತೆಗೆದರು. ಮನೆಯ ಗೋಡೆ ಕ್ಯಾಲೆಂಡರಿನ ಹಾಳೆ. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಅಚ್ಚಾಗಿರುವ ಹಾಳೆ. ಪ್ರತಿ ಚೌಕದಲ್ಲೂ ಮೂಲೆಗೆ ಹಾಲಿನ ಲೆಕ್ಕ. ಅದರ ಕೆಳಗೆ ಮಗಳ ಕೈಬರಹದಲ್ಲಿ ಎರಡು ಅಂಕಿ, ಬಂದಿದ್ದು, ಹೊರಟಿದ್ದು. ದಿನಾ ರಾತ್ರಿ ಮನೆಗೆ ಹೋಗಿ ಹೇಳುತ್ತಿದ್ದರಂತೆ, ಮಗಳು ಬರೆಯುತ್ತಿದ್ದಳಂತೆ. ಒಂದು ಚೌಕದಲ್ಲಿ ‘ಬಸ್ ಇಲ್ಲ, ಆಟೋ 120’ ಅಂತಲೂ ಇತ್ತು. ಓಟಿ ಮುಗಿದು ಕಂಪನಿ ವ್ಯಾನ್ ಹೋಗಿಬಿಟ್ಟಿದ್ದ ರಾತ್ರಿ ಅದು.

ನಾನು ಅದನ್ನು ಪರದೆಯ ಪಕ್ಕ ಹಿಡಿದು ಸಾಲು ಸಾಲಾಗಿ ನೋಡುತ್ತಾ ಹೋದೆ. ಡಬ್ಬಿ ಹಿಡಿದ ದಿನಗಳಲ್ಲಿ ಅದರ ಹೊತ್ತೂ ಹಾಳೆಯ ಹೊತ್ತೂ ಐದು ನಿಮಿಷದ ಒಳಗೇ ಹೊಂದುತ್ತಿದ್ದವು. ಡಬ್ಬಿ ಹಿಡಿಯದ ದಿನಗಳಲ್ಲಿ ನನ್ನ ಪರದೆ ಖಾಲಿ, ಅವರ ಹಾಳೆಯಲ್ಲಿ ಅಂಕಿ. ಗೇಟಿನ ಸೆಕ್ಯುರಿಟಿ ಅಣ್ಣನ ಹತ್ತಿರ ವ್ಯಾನ್ ಹೊರಡುವ ರಿಜಿಸ್ಟರ್ ಇರುತ್ತದೆ. ಅದರಲ್ಲಿ ರಾತ್ರಿ ಯಾರ್ಯಾರು ಹತ್ತಿದರು ಅಂತ ಕೈಯಲ್ಲಿ ಬರೆದಿರುತ್ತಾರೆ. ಅದನ್ನೂ ತರಿಸಿದೆ. ಅಕ್ಕನ ಹೆಸರು ಅಲ್ಲೂ ಇತ್ತು. ಆಟೋದ ರಾತ್ರಿ ಬಿಟ್ಟು ಉಳಿದದ್ದೆಲ್ಲ ತಾಳೆಯಾಯಿತು. ಆ ಒಂದು ರಾತ್ರಿಗೆ ಸಾಕ್ಷಿ ಅಂದರೆ ಆ 120 ರೂಪಾಯಿ ಮಾತ್ರ.

‘ಸಿಸ್ಟಮ್‌ನಲ್ಲಿ ಇಲ್ಲದ್ದನ್ನ ಹೇಗೆ ಕೊಡೋದು?’ ಅಂತ ಮೇಲಿನವರು ಕೇಳಿದರು. ಕ್ಯಾಲೆಂಡರ್ ಯಾರು ಬೇಕಾದರೂ ಬರೆದುಕೊಳ್ಳಬಹುದು ಅನ್ನುವುದು ಅವರ ವಾದ. ನಿಜ, ಬರೆದುಕೊಳ್ಳಬಹುದು. ಆದರೆ ತಿಂಗಳ ಉದ್ದಕ್ಕೂ ದಿನಾ ರಾತ್ರಿ, ಹಾಲಿನ ಲೆಕ್ಕದ ಕೆಳಗೆ, ಡಬ್ಬಿಯ ಜೊತೆ ಐದು ನಿಮಿಷದ ಒಳಗೆ ಹೊಂದುವ ಹಾಗೆ ಸುಳ್ಳು ಬರೆಯುವವರು ಯಾರು? ಹೊತ್ತನ್ನು ದಾಖಲಿಸಬೇಕಾದ ಹೊಣೆ ನಮ್ಮದು. ನಮ್ಮ ಯಂತ್ರ ಅವರ ಬೆರಳನ್ನು ಓದುವುದಿಲ್ಲ ಅಂತ ನಮಗೆ ತಿಂಗಳುಗಳಿಂದ ಗೊತ್ತು. ಇದನ್ನೇ ಬರೆದು ಕೊಟ್ಟೆ. ಮೌಂಟ್ ಕ್ಲೆಮೆನ್ಸ್ ಕೇಸಿನ ಮಾತನ್ನೂ ಸೇರಿಸಿದೆ. ಅಮೆರಿಕದ ತೀರ್ಪು ಬೆಂಗಳೂರಿನ ನಮ್ಮ ಪೀಣ್ಯದಲ್ಲಿ ನಡೆಯುವುದಿಲ್ಲ ಅಂತ ನನಗೂ ಗೊತ್ತು, ಆದರೆ ನ್ಯಾಯದ ಮಾತು ಎಲ್ಲಿಯದಾದರೂ ನ್ಯಾಯದ್ದೇ. ಮುಂದಿನ ತಿಂಗಳ ಚೀಟಿಯಲ್ಲಿ ಅಕ್ಕನ ಓಟಿ ಅರಿಯರ್ಸ್, ಅಂದರೆ ಹಿಂದಿನ ಬಾಕಿ, ಅಂತ ಸೇರಿ ಬಂತು. ಆಟೋದ ರಾತ್ರಿಯದೂ ಬಂತು. ಆಟೋ ದುಡ್ಡು ಬರಲಿಲ್ಲ.

ಕ್ಯಾಂಟೀನ್ ಬೋರ್ಡ್

ಆಮೇಲೆ ನಾನು ಹಾಜರಿ ಸಾಫ್ಟ್‌ವೇರನ್ನು ಕೂತು ಪೂರ್ತಿ ನೋಡಿದೆ. ಪಂಚ್ ಆದ ತಕ್ಷಣ ಅವರವರ ಮೊಬೈಲಿಗೆ ಮೆಸೇಜ್ ಹೋಗುವ ಸೌಲಭ್ಯ ಅದರಲ್ಲಿ ಮೊದಲಿನಿಂದಲೂ ಇದೆ. ಆನ್ ಮಾಡಿರಲಿಲ್ಲ. ಮೆಸೇಜಿನ ಖರ್ಚು ಯಾರು ಕೊಡುವುದು ಅನ್ನೋ ಮಾತು ಬಂದು ಅದು ಅಲ್ಲಿಗೇ ನಿಂತಿದೆ. ಬೆರಳು ಸವೆದವರಿಗೆ ಕಾರ್ಡ್ ತೋರಿಸಿ ಪಂಚ್ ಮಾಡುವ ಅನುಕೂಲವೂ ಅದೇ ಡಬ್ಬಿಯಲ್ಲಿದೆ. ಅದು ಸಿಕ್ಕಿತು. ಪ್ಯಾಕಿಂಗ್ ವಿಭಾಗದವರ ಕೊರಳಲ್ಲಿ ಈಗ ಕಾರ್ಡ್ ನೇತಾಡುತ್ತದೆ.

ಇನ್ನೊಂದು ಕೇಳಿದ್ದೆ, ಅದಕ್ಕೂ ಒಪ್ಪಿದರು. ಸಂಬಳ ಹಾಕುವುದಕ್ಕೆ ಮುಂಚೆ, ತಿಂಗಳ ಮೊದಲ ದಿನಗಳಲ್ಲಿ, ಎಲ್ಲರ ಇನ್ ಔಟ್ ಹೊತ್ತಿನ ಪಟ್ಟಿಯನ್ನು ಪ್ರಿಂಟ್ ತೆಗೆದು ಕ್ಯಾಂಟೀನ್ ಬೋರ್ಡಿಗೆ ಹಾಕುತ್ತೇವೆ. ಹೆಸರಿಲ್ಲ, ನಂಬರ್ ಮಾತ್ರ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ತಪ್ಪು ಕಂಡವರು ಅಲ್ಲೇ ಸುತ್ತು ಹಾಕಿ ಸರಿಯಾದ ಹೊತ್ತು ಬರೆಯಬಹುದು. ಮೊದಲ ತಿಂಗಳು ಅದರ ಮುಂದೆ ಊಟದ ಹೊತ್ತಿನಲ್ಲಿ ಜಾತ್ರೆಯಷ್ಟು ಜನ. ಪೇಂಟ್ ಶಾಪಿನ ಹುಡುಗರು ಒಂದು ಇಡೀ ರಾತ್ರಿ ಪಾಳಿಯೇ ಎರಡು ದಿನಗಳಾಗಿ ಒಡೆದು ಹೋಗಿರುವುದನ್ನು ಹಿಡಿದರು. ಹನ್ನೆರಡು ಗಂಟೆ ದಾಟಿದ ಮೇಲಿನ ಔಟ್ ಪಂಚನ್ನು ಸಾಫ್ಟ್‌ವೇರ್ ಮಾರನೇ ದಿನದ ಇನ್ ಅಂತ ಓದುತ್ತಿತ್ತು. ಎಷ್ಟು ಕಾಲದಿಂದ ಹಾಗಿತ್ತು ಅಂತ ಈಗ ಹಿಂದಿನ ತಿಂಗಳುಗಳನ್ನು ತೆಗೆದು ನೋಡುತ್ತಿದ್ದೇವೆ.